ಕಾಲಿಗೆ ತೆರೆದ ಬಾಗಿಲು, ತಲೆಗೆ ತೆರೆಯಲಿಲ್ಲ: ರಾಯ್ ಫ್ರಾನ್ಸಿಸ್ ಎಂಬ ಕೋಚ್

ಯೂಟ್ಯೂಬ್‌ನಲ್ಲಿ ಒಂದು ಹಳೇ ಪಂದ್ಯದ ವಿಡಿಯೋ ಇದೆ. 1968ರ ಮೇ 11, ಲಂಡನ್ನಿನ ವೆಂಬ್ಲಿ ಮೈದಾನ. ರಗ್ಬಿ ಲೀಗ್‌ನ ಚಾಲೆಂಜ್ ಕಪ್ ಫೈನಲ್. ಸುರಿದ ಮಳೆಗೆ ಮೈದಾನ ಅಕ್ಷರಶಃ ಕೆರೆ ಆಗಿದೆ. ಆಟಗಾರರು ಓಡೋದಕ್ಕಿಂತ ಜಾರೋದೇ ಹೆಚ್ಚು. ಎಂಬತ್ತೇಳು ಸಾವಿರ ಜನ ನೆನೆಯುತ್ತಾ ನೋಡ್ತಿದ್ದಾರೆ. ಲೀಡ್ಸ್ 11, ವೇಕ್‌ಫೀಲ್ಡ್ ಟ್ರಿನಿಟಿ 7. ಕೊನೇ ಗಳಿಗೆಯಲ್ಲಿ ವೇಕ್‌ಫೀಲ್ಡ್‌ನವನೊಬ್ಬ ನೀರಲ್ಲಿ ಚೆಂಡನ್ನು ಒದ್ದುಕೊಂಡೇ ಹೋಗಿ ಗೆರೆಯಾಚೆ ನೆಲಕ್ಕೆ ಮುಟ್ಟಿಸುತ್ತಾನೆ. 11-10. ಇನ್ನು ಉಳಿದಿರೋದು ಒಂದೇ ಒದೆತ. ಗೋಲುಕಂಬಗಳ ನೇರ ಎದುರು, ಮಕ್ಕಳೂ ಹೊಡೆಯುವಂಥದ್ದು. ಡಾನ್ ಫಾಕ್ಸ್ ಒದೀತಾರೆ, ಚೆಂಡು ಪಕ್ಕಕ್ಕೆ ಹೋಗುತ್ತೆ. ಲೀಡ್ಸ್ ಗೆಲ್ಲುತ್ತೆ. ಫಾಕ್ಸ್ ಆ ಕೆಸರಲ್ಲೇ ಕುಸೀತಾರೆ.

ಆ ಪಂದ್ಯದಲ್ಲಿ ಸೋತವರ ಹೆಸರು ಇಂಗ್ಲೆಂಡಿನ ಆ ಭಾಗದಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಗೆದ್ದ ತಂಡದ ಕೋಚ್ ಯಾರು ಅಂತ ನಾನು ಹುಡುಕಿದ್ದು ವಿಡಿಯೋ ಮುಗಿದ ಮೇಲೆ. ರಾಯ್ ಫ್ರಾನ್ಸಿಸ್. ವೇಲ್ಸ್‌ನವರು, ಕಪ್ಪುವರ್ಣೀಯರು, ಆಗ ವಯಸ್ಸು 49.

ಆ ತಾರೀಖನ್ನು ಇನ್ನೊಂದು ಸಲ ನೋಡಿ. ಅದಕ್ಕೆ ಸರಿಯಾಗಿ ಮೂರು ವಾರ ಮೊದಲು, 1968ರ ಏಪ್ರಿಲ್ 20ರಂದು, ಕನ್ಸರ್ವೇಟಿವ್ ಪಕ್ಷದ ನಾಯಕ ಇನಾಕ್ ಪವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ತನ್ನ ಕುಖ್ಯಾತ ಭಾಷಣ ಮಾಡಿದ್ದರು. ಅವರ ಪರವಾಗಿ ಲಂಡನ್ನಿನ ಬಂದರು ಕಾರ್ಮಿಕರು ಮೆರವಣಿಗೆ ಹೊರಟಿದ್ದರು. ಕಪ್ಪು ಜನ ಈ ದೇಶದಲ್ಲಿ ಇರಬೇಕಾ ಬೇಡವಾ ಅಂತ ಬ್ರಿಟನ್ ಜೋರಾಗಿ ಚರ್ಚೆ ಮಾಡ್ತಿದ್ದ ದಿನಗಳಲ್ಲಿ, ಅದೇ ದೇಶದಲ್ಲಿ ಹುಟ್ಟಿದ ಒಬ್ಬ ಕಪ್ಪು ಮನುಷ್ಯ ಬಿಳಿಯ ಕಾರ್ಮಿಕರ ನೆಚ್ಚಿನ ಆಟದ ಅತಿ ದೊಡ್ಡ ಕಪ್ ಗೆದ್ದುಕೊಂಡು ಹೋದರು. ಹಾಗಿದ್ದೂ ಅವರ ಹೆಸರು ನಮಗೆ ಯಾಕೆ ಗೊತ್ತಿಲ್ಲ? ನಮ್ಮದು ಬಿಡಿ, ಅವರ ಊರಿನವರಿಗೇ ಎಷ್ಟೋ ಕಾಲ ಯಾಕೆ ಮರೆತುಹೋಗಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕ ಕಥೆ ಇದು.

ಸಂಬಳಕ್ಕಾಗಿ ಒಡೆದ ಆಟ

ಫ್ರಾನ್ಸಿಸ್ ಹುಟ್ಟಿದ್ದು 1919ರ ಜನವರಿಯಲ್ಲಿ, ಕಾರ್ಡಿಫ್‌ನಲ್ಲಿ. ಅವರಿನ್ನೂ ಐದು ತಿಂಗಳ ಮಗುವಾಗಿದ್ದಾಗ, ಜೂನ್‌ನಲ್ಲಿ, ಅದೇ ನಗರದಲ್ಲಿ ಜನಾಂಗೀಯ ಗಲಭೆ ಆಯಿತು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೆಲಸ ಇಲ್ಲ, ಮನೆ ಇಲ್ಲ. ಆ ಸಿಟ್ಟು ತಿರುಗಿದ್ದು ಬಂದರಿನಲ್ಲಿ ನೆಲೆಸಿದ್ದ ಕಪ್ಪು ಮತ್ತು ಅರಬ್ ನಾವಿಕರ ಮೇಲೆ. ಅವರ ಮನೆಗಳ ಮೇಲೆ ಗುಂಪುಗಳು ದಾಳಿ ಮಾಡಿದವು, ಹೆಣಗಳು ಬಿದ್ದವು. ನಿರುದ್ಯೋಗದ ಸಿಟ್ಟನ್ನು ಪಕ್ಕದ ಬೀದಿಯವನ ಕಡೆ ತಿರುಗಿಸುವ ಕಲೆ ಯಾವ ಕಾಲದಲ್ಲೂ ಹಳತಾಗಿಲ್ಲ.

ಮಗು ಬೆಳೆದದ್ದು ಕಾರ್ಡಿಫ್‌ನಲ್ಲಲ್ಲ, ಉತ್ತರಕ್ಕಿರುವ ಬ್ರಿನ್‌ಮಾರ್ ಎಂಬ ಬೆಟ್ಟದೂರಿನಲ್ಲಿ, ಸಾಕುತಾಯಿಯ ಮಡಿಲಲ್ಲಿ. ಕಲ್ಲಿದ್ದಲು ಮತ್ತು ಕಬ್ಬಿಣವನ್ನೇ ನಂಬಿದ್ದ ಸೀಮೆ ಅದು. 1930ರ ದಶಕ ಬರುವಷ್ಟರಲ್ಲಿ ಬ್ರಿಟನ್ನಿನಲ್ಲೇ ನಿರುದ್ಯೋಗ ಅತಿ ಹೆಚ್ಚಾಗಿದ್ದ ಊರುಗಳಲ್ಲಿ ಅದೂ ಒಂದಾಗಿತ್ತು. ಅಲ್ಲಿನ ಹುಡುಗರ ಪಾಲಿಗೆ ರಗ್ಬಿ ಅಂದರೆ ಬರೀ ಆಟ ಅಲ್ಲ, ಊರು ಬಿಟ್ಟು ಹೋಗುವ ಟಿಕೆಟ್.

ಇಲ್ಲಿ ಸ್ವಲ್ಪ ನಿಂತು ಆಟದ ರಾಜಕೀಯ ಹೇಳಬೇಕು, ಇಲ್ಲದಿದ್ದರೆ ಮುಂದಿನ ಕಥೆ ಅರ್ಥ ಆಗಲ್ಲ. ರಗ್ಬಿಯಲ್ಲಿ ಎರಡು ಬಗೆ. ಹದಿನೈದು ಜನ ಆಡೋದು ಯೂನಿಯನ್, ಹದಿಮೂರು ಜನ ಆಡೋದು ಲೀಗ್. ಇವು ಬೇರೆಯಾಗಿದ್ದು ನಿಯಮದ ಜಗಳಕ್ಕಲ್ಲ, ಕೂಲಿಯ ಜಗಳಕ್ಕೆ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಕಾರ್ಮಿಕರು ಶನಿವಾರ ಆಡಲು ಬಂದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನಾದರೂ ಕಟ್ಟಿಕೊಡಿ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ದುಡ್ಡಿಗೆ ಆಡೋದು ಅಂದರೆ ಆಟದ ಪಾವಿತ್ರ್ಯ ಕೆಟ್ಟಂತೆ ಅಂತ ದಕ್ಷಿಣದ ಶ್ರೀಮಂತರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಬೇರೆ ಸಂಸ್ಥೆ ಕಟ್ಟಿಕೊಂಡವು. ರಗ್ಬಿ ಲೀಗ್ ಹುಟ್ಟಿದ್ದು ಹಾಗೆ. ಯೂನಿಯನ್‌ನವರು ತಮ್ಮ ಮಡಿಯನ್ನು ಬಿಟ್ಟಿದ್ದು ಪೂರಾ ನೂರು ವರ್ಷ ಆದ ಮೇಲೆ, 1995ರಲ್ಲಿ.

ಆ ನೂರು ವರ್ಷವೂ ಒಂದು ಬಹಿಷ್ಕಾರ ಜಾರಿಯಲ್ಲಿತ್ತು. ಲೀಗ್‌ಗೆ ಹೋಗಿ ಒಮ್ಮೆ ಸಂಬಳ ಪಡೆದವನು ಮತ್ತೆ ಯೂನಿಯನ್ ಮೈದಾನಕ್ಕೆ ಕಾಲಿಡುವ ಹಾಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಮವಸ್ತ್ರ ತೊಟ್ಟವರಿಗೆ ಮಾತ್ರ ಇದನ್ನು ಸಡಿಲಿಸಿದರು. ಸಾಯಲು ಹೊರಟವನ ಜೊತೆ ಆಡಬಹುದು, ದುಡಿಯಲು ಹೊರಟವನ ಜೊತೆ ಆಡಬಾರದು. ಯುದ್ಧ ಮುಗಿದ ಮೇಲೆ ಮತ್ತೆ ಬೀಗ ಹಾಕಿದರು.

ವೇಲ್ಸ್‌ನ ಕಪ್ಪು ಹುಡುಗರಿಗೆ ಇದರ ಜೊತೆ ಇನ್ನೊಂದು ಬೇಲಿ. ವೇಲ್ಸ್‌ನ ಯೂನಿಯನ್ ರಾಷ್ಟ್ರೀಯ ತಂಡದಲ್ಲಿ ಕಪ್ಪು ಆಟಗಾರ ಕಾಣಿಸಿಕೊಂಡಿದ್ದು 1980ರ ದಶಕದಲ್ಲಿ. ಅಷ್ಟೊತ್ತಿಗೆ ಫ್ರಾನ್ಸಿಸ್ ಅವರ ಆಟ, ಕೋಚಿಂಗ್ ಎರಡೂ ಮುಗಿದಿತ್ತು. ಹಾಗಾಗಿ ಅವರಂಥವರ ಮುಂದೆ ಇದ್ದದ್ದು ಉತ್ತರದ ದಾರಿ. 1936ರಲ್ಲಿ, ಹದಿನೇಳನೇ ವಯಸ್ಸಿಗೆ, ಅವರು ವಿಗನ್ ಕ್ಲಬ್ ಸೇರಿದರು. ವೇಲ್ಸ್‌ನದೇ ಇನ್ನೊಬ್ಬ ಕಪ್ಪು ಆಟಗಾರ ಜಾರ್ಜ್ ಬೆನೆಟ್ ಆಗಲೇ ಅಲ್ಲಿದ್ದರು.

ಹಡಗು ಹತ್ತಿಸದ ಆಟಗಾರ

ರಗ್ಬಿ ಲೀಗ್ ತನ್ನ ಬಗ್ಗೆ ಹೇಳಿಕೊಳ್ಳುವ ಕಥೆ ಚೆಂದ ಇದೆ. ನಾವು ಕಾರ್ಮಿಕರ ಆಟ, ನಮ್ಮಲ್ಲಿ ಬಣ್ಣ ನೋಡಲ್ಲ, ಆಟ ಮಾತ್ರ ನೋಡ್ತೀವಿ. ಇದರಲ್ಲಿ ನಿಜ ಇದೆ. ಬೇರೆ ಆಟಗಳು ಬಾಗಿಲು ಹಾಕಿಕೊಂಡಿದ್ದ ಕಾಲಕ್ಕೆ ಇದು ತೆರೆದಿಟ್ಟಿತ್ತು. ಆದರೆ ಒಂದು ಮನೆಯಲ್ಲಿ ಎಷ್ಟು ಬಾಗಿಲುಗಳಿರುತ್ತವೆ ಅನ್ನೋದು ಒಳಗೆ ಹೋದ ಮೇಲೇ ಗೊತ್ತಾಗೋದು.

ಮೊದಲನೇದು ವಿಗನ್‌ನಲ್ಲೇ ಗೊತ್ತಾಯಿತು. 1938ರಲ್ಲಿ ಆಸ್ಟ್ರೇಲಿಯಾದ ಹ್ಯಾರಿ ಸಂಡರ್‌ಲ್ಯಾಂಡ್ ಅಲ್ಲಿನ ಉಸ್ತುವಾರಿಗೆ ಬಂದರು. 1939ರ ಜನವರಿಯಲ್ಲಿ ಫ್ರಾನ್ಸಿಸ್ ಅವರನ್ನು ಬ್ಯಾರೋ ಕ್ಲಬ್ಬಿಗೆ ಮಾರಲಾಯಿತು. ಆಟ ಚೆನ್ನಾಗಿಲ್ಲ ಅನ್ನುವ ಕಾರಣ ಯಾರಿಗೂ ಒಪ್ಪಿಗೆ ಆಗುವಂತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಅವರು ಹೊಡೆದ ಟ್ರೈಗಳೇ ಅದಕ್ಕೆ ಉತ್ತರ. ಸಂಡರ್‌ಲ್ಯಾಂಡ್ ಹೆಸರಿನ ಪ್ರಶಸ್ತಿಯೊಂದು ಈ ಆಟದಲ್ಲಿ ದೊಡ್ಡ ಗೌರವವಾಗಿ ಬೆಳೆಯಿತು. ಫ್ರಾನ್ಸಿಸ್ ಹೆಸರಿಗೆ ಒಂದು ಕಲ್ಲು ಸಿಗಲೂ ಎಷ್ಟು ಕಾಲ ಬೇಕಾಯಿತು ಅನ್ನೋದು ಮುಂದೆ ಬರುತ್ತೆ.

ಯುದ್ಧದ ವರ್ಷಗಳು ಸೈನ್ಯದಲ್ಲಿ ಕಳೆದವು, ಸಾರ್ಜೆಂಟ್ ಆದರು. ಬಿಡುವಿದ್ದಾಗ ಡ್ಯೂಸ್‌ಬರಿ ತಂಡಕ್ಕೆ ಅತಿಥಿ ಆಟಗಾರನಾಗಿ ಆಡಿದರು. 1946ರಲ್ಲಿ ಗ್ರೇಟ್ ಬ್ರಿಟನ್ ತಂಡ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಿತು. ಪ್ರಯಾಣಿಕರ ಹಡಗು ಸಿಗದ ಕಾಲ, ಆಟಗಾರರು ಹೋಗಿದ್ದು ಇಂಡೊಮಿಟೆಬಲ್ ಎಂಬ ಯುದ್ಧವಿಮಾನ ನೌಕೆಯಲ್ಲಿ. ನಾಯಕ ಗಸ್ ರಿಸ್ಮನ್, ಕಾರ್ಡಿಫ್ ಬಂದರಿನಲ್ಲಿ ವಲಸಿಗರ ಮಗನಾಗಿ ಹುಟ್ಟಿದವರು. ಆ ಹಡಗಿನಲ್ಲಿ ಫ್ರಾನ್ಸಿಸ್ ಇರಬೇಕಿತ್ತು. ಇರಲಿಲ್ಲ. ಆಸ್ಟ್ರೇಲಿಯಾದಲ್ಲಿ 1901ರಿಂದ ‘ಬಿಳಿಯ ಆಸ್ಟ್ರೇಲಿಯಾ’ ನೀತಿ ಜಾರಿಯಲ್ಲಿತ್ತು. ಕರೆದವರಿಗೆ ಮುಜುಗರ ಆಗಬಾರದು ಅಂತ ಆಯ್ಕೆದಾರರು ಅವರನ್ನು ಬಿಟ್ಟರು ಅನ್ನೋದು ಈ ಆಟದ ಇತಿಹಾಸ ಬರೆದವರು ಸಾಮಾನ್ಯವಾಗಿ ಒಪ್ಪುವ ಮಾತು.

ಇದನ್ನು ಓದುವಾಗ ನನಗೆ ಅನ್ನಿಸಿದ್ದು, ಇಲ್ಲಿ ಯಾರೂ ಬಾಗಿಲು ಮುಚ್ಚಿದ ಸದ್ದೇ ಇಲ್ಲ. ಆಯ್ಕೆ ಸಮಿತಿಯಲ್ಲಿ ಯಾರೂ ಬಾಯಿಬಿಟ್ಟು ಬಣ್ಣದ ಮಾತು ಆಡಬೇಕಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಬರೆಯದೆ ಬಿಟ್ಟರೆ ಸಾಕು. ನಮಗೇನೂ ತೊಂದರೆ ಇಲ್ಲಪ್ಪ, ಅಲ್ಲಿಯವರು ಏನಂತಾರೋ ಅನ್ನೋದು ತಾರತಮ್ಯದ ಅತ್ಯಂತ ಮರ್ಯಾದಸ್ಥ ರೂಪ. ಬಾಡಿಗೆ ಮನೆ ಹುಡುಕಿದ ಯಾರನ್ನಾದರೂ ಕೇಳಿ.

ಮರುವರ್ಷ, 1947ರ ಡಿಸೆಂಬರ್‌ನಲ್ಲಿ, ಬ್ರ್ಯಾಡ್‌ಫರ್ಡ್‌ನ ಆಡ್ಸಲ್ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ಗೆ ಅವರನ್ನು ಆಯ್ಕೆ ಮಾಡಿದರು. ಗ್ರೇಟ್ ಬ್ರಿಟನ್ ಪರ ರಗ್ಬಿ ಲೀಗ್ ಆಡಿದ ಮೊದಲ ಕಪ್ಪುವರ್ಣೀಯರು ಅವರೇ. ಎರಡು ಟ್ರೈ ಹೊಡೆದರು, ತಂಡ ಗೆದ್ದಿತು. ಆಮೇಲೆ ಇನ್ನೊಂದು ಸಲ ಕರೆಯಲೇ ಇಲ್ಲ. ಅದೇ ಮೊದಲು, ಅದೇ ಕೊನೆ.

ಅಂಚಿನಿಂದ ನಡುವಿಗೆ

ಬ್ಯಾರೋದಿಂದ 1948ರಲ್ಲಿ ವಾರಿಂಗ್ಟನ್, ಅಲ್ಲಿಂದ 1949ರಲ್ಲಿ ಹಲ್. ಒಟ್ಟು 356 ಪಂದ್ಯಗಳಲ್ಲಿ 229 ಟ್ರೈ. ಅವರು ಆಡುತ್ತಿದ್ದ ಜಾಗ ವಿಂಗ್, ಅಂದರೆ ಮೈದಾನದ ಅಂಚು. ಚೆಂಡು ಸಿಕ್ಕಾಗ ಗಾಳಿಯಂತೆ ಓಡಬೇಕು, ಅದೇ ಕೆಲಸ.

ಈ ‘ಅಂಚು’ ಅನ್ನೋದು ಕಾಕತಾಳೀಯ ಅಲ್ಲ. ಫ್ರಾನ್ಸಿಸ್ ನಂತರ ಬಂದ ಬಿಲ್ಲಿ ಬಾಸ್ಟನ್, ಕ್ಲೈವ್ ಸಲಿವನ್, ಇವರೆಲ್ಲ ವಿಂಗ್ ಆಟಗಾರರೇ. ಕ್ರೀಡೆಯ ಸಮಾಜಶಾಸ್ತ್ರಜ್ಞರು ಇದಕ್ಕೆ ‘ಸ್ಟ್ಯಾಕಿಂಗ್’ ಅಂತ ಹೆಸರು ಕೊಟ್ಟಿದ್ದಾರೆ. ಆಟವನ್ನು ಓದುವ, ಚೆಂಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುವ ನಡುವಿನ ಜಾಗಗಳು ಬಿಳಿಯರಿಗೆ; ವೇಗ ಮತ್ತು ಬಲ ಬೇಕಾದ ಅಂಚಿನ ಜಾಗಗಳು ಕಪ್ಪು ಆಟಗಾರರಿಗೆ. ನಿನ್ನ ಕಾಲು ನಮಗೆ ಬೇಕು, ತಲೆ ನಾವು ನೋಡ್ಕೋತೀವಿ ಅನ್ನೋದು ಇದರ ಅರ್ಥ.

ಎಂಜಿನಿಯರಿಂಗ್ ಮುಗಿಸಿ ನಾನು ಕೆಲವು ವರ್ಷ ಒಂದು ಕಂಪನಿಯಲ್ಲಿ ಕೆಲಸ ಮಾಡಿದ್ದೆ. ರಾತ್ರಿ ಪಾಳಿಯಲ್ಲಿ ಸಿಸ್ಟಮ್ ಬಿದ್ದಾಗ ಎತ್ತಿ ನಿಲ್ಲಿಸುವ ಹುಡುಗರು ಯಾವ ಊರಿನವರು, ಯಾವ ಕಾಲೇಜಿನವರು, ಹಗಲು ಗಾಜಿನ ಕೋಣೆಯಲ್ಲಿ ಕೂತು ವಿನ್ಯಾಸ ಮಾಡುವವರು ಯಾವ ಮನೆಯವರು ಅಂತ ಒಂದು ದಿನ ಸುಮ್ಮನೆ ಲೆಕ್ಕ ಹಾಕಿದ್ದೆ. ಯಾವ ನಿಯಮಪುಸ್ತಕದಲ್ಲೂ ಅದು ಬರೆದಿರಲಿಲ್ಲ. ಬರೆದಿದ್ದರೆ ಹರಿದು ಹಾಕೋದು ಸುಲಭ ಆಗ್ತಿತ್ತು. ಹಾಗಾಗಿ ಫ್ರಾನ್ಸಿಸ್ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಟ್ರೈಗಳಲ್ಲ. 1950ರ ದಶಕದಲ್ಲಿ, ಇನ್ನೂ ಆಡುತ್ತಿರುವಾಗಲೇ, ಅವರು ಹಲ್ ತಂಡದ ಕೋಚ್ ಆದರು ಅನ್ನೋದು. ಬ್ರಿಟನ್ನಿನ ವೃತ್ತಿಪರ ತಂಡಗಳ ಆಟದಲ್ಲಿ ಕೋಚ್ ಆದ ಮೊದಲ ಕಪ್ಪುವರ್ಣೀಯ ಅಂತಲೇ ಅವರನ್ನು ಗುರುತಿಸುತ್ತಾರೆ. ಇಂಗ್ಲಿಷ್ ಫುಟ್ಬಾಲಿನ ಅಗ್ರ ಶ್ರೇಣಿಯಲ್ಲಿ ಮೊದಲ ಕಪ್ಪು ಮ್ಯಾನೇಜರ್ ಬಂದಿದ್ದು 1996ರಲ್ಲಿ, ಚೆಲ್ಸಿಯಲ್ಲಿ ರೂಡ್ ಗುಲಿಟ್. ನಡುವೆ ನಾಲ್ಕು ದಶಕದ ಅಂತರ.

ಹೆಂಡತಿ ಮಕ್ಕಳನ್ನೂ ಲೆಕ್ಕಕ್ಕೆ ತಂದ ಕೋಚ್

ಹಲ್ ಮೀನುಗಾರರ ಊರು. ಆಟಗಾರರಲ್ಲಿ ಹೆಚ್ಚಿನವರು ಹಗಲು ಬೇರೆ ದುಡಿಮೆ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಆ ಕಾಲದ ತರಬೇತಿ ಅಂದರೆ ಮೈದಾನ ಸುತ್ತು ಹೊಡೆಯೋದು, ಮೈ ಉಜ್ಜಿಸಿಕೊಳ್ಳೋದು, ಶನಿವಾರ ಬಂದಾಗ ಆಡೋದು. ಬಹಳ ಕಡೆ ತಂಡ ಆರಿಸುತ್ತಿದ್ದುದು ಕೋಚ್ ಅಲ್ಲ, ಕ್ಲಬ್ಬಿನ ಆಡಳಿತ ಸಮಿತಿ.

ಫ್ರಾನ್ಸಿಸ್ ಇದನ್ನು ಬುಡದಿಂದ ಬದಲಾಯಿಸಿದರು. ಬರೀ ಸುತ್ತು ಹೊಡೆಸುವ ಬದಲು ಸ್ಪ್ರಿಂಟ್ ಅಭ್ಯಾಸ, ತೂಕ ಎತ್ತುವ ಅಭ್ಯಾಸ ತಂದರು. ಪಂದ್ಯಗಳ ಫಿಲ್ಮ್ ಹಾಕಿ, ಎಲ್ಲಿ ತಪ್ಪಾಯಿತು ಅಂತ ಆಟಗಾರರ ಜೊತೆ ಕೂತು ನೋಡುವುದನ್ನು ಶುರು ಮಾಡಿದರು. ಇವತ್ತು ಕಬಡ್ಡಿ ತಂಡಕ್ಕೂ ವಿಡಿಯೋ ಅನಾಲಿಸ್ಟ್ ಇರ್ತಾರೆ. ಆಗ ಇದು ಹುಚ್ಚು ಅನ್ನಿಸುವ ಕಾಲ. ಆಟಗಾರನ ಮನಸ್ಸು ಹೇಗಿದೆ ಅನ್ನೋದನ್ನೂ ಅವರು ತರಬೇತಿಯ ಭಾಗ ಮಾಡಿದರು. ಒಬ್ಬನನ್ನು ಬೈದರೆ ಆಡ್ತಾನೆ, ಇನ್ನೊಬ್ಬನನ್ನು ಹೆಗಲ ಮೇಲೆ ಕೈಯಿಟ್ಟು ಮಾತಾಡಿಸಿದರೆ ಆಡ್ತಾನೆ. ಇಬ್ಬರಿಗೂ ಒಂದೇ ಮದ್ದು ಅಲ್ಲ ಅನ್ನೋದು ಅವರ ನಂಬಿಕೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಸಂಗತಿ. ಪಂದ್ಯಕ್ಕೆ ಆಟಗಾರರ ಹೆಂಡತಿಯರು, ಮನೆಯವರು ಬರಲು ಅವರು ವಾಹನದ ವ್ಯವಸ್ಥೆ ಮಾಡಿಸಿದರು. ಮನೆಯವರೂ ಕ್ಲಬ್ಬಿನ ಭಾಗ ಅಂತ ನಡೆಸಿಕೊಂಡರು. ಇದು ಬರೀ ಒಳ್ಳೇತನ ಅಂತ ನನಗೆ ಅನ್ನಿಸಲ್ಲ, ಇದರಲ್ಲಿ ಲೆಕ್ಕಾಚಾರ ಇದೆ. ಹಗಲೆಲ್ಲ ದುಡಿದು, ಸಂಜೆ ಅಭ್ಯಾಸ, ಶನಿವಾರ ಪಂದ್ಯ ಅಂತ ಹೋಗುವ ಗಂಡಸಿನ ಹಿಂದೆ ಮನೆ ನಡೆಸುವ ಒಬ್ಬಳು ಹೆಂಗಸು ಇದ್ದಾಳೆ. ಅವಳ ದುಡಿಮೆ ಇಲ್ಲದೆ ಈ ಆಟವೇ ಇಲ್ಲ. ಅದನ್ನು ಲೆಕ್ಕಕ್ಕೆ ತಂದ ಕೋಚ್ ಆ ಕಾಲಕ್ಕೆ ಅಪರೂಪ. ತನ್ನನ್ನು ಲೆಕ್ಕದಿಂದ ಬಿಟ್ಟ ಪಟ್ಟಿಗಳನ್ನು ನೋಡಿದವರಿಗೆ, ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಅನ್ನೋದು ಬೇಗ ಕಾಣುತ್ತೆ ಅಂತ ನನ್ನ ಅನಿಸಿಕೆ.

ಫಲಿತಾಂಶ ಬಂತು. 1956ರಲ್ಲಿ ಮ್ಯಾಂಚೆಸ್ಟರಿನ ಮೇನ್ ರೋಡ್ ಮೈದಾನದಲ್ಲಿ ಹಾಲಿಫ್ಯಾಕ್ಸ್ ವಿರುದ್ಧ 10-9ರಿಂದ ಗೆದ್ದು ಹಲ್ ಚಾಂಪಿಯನ್ ಆಯಿತು. ಕಾಲಿನ್ ಹಟನ್ ಕೊನೇ ಗಳಿಗೆಯಲ್ಲಿ ಹೊಡೆದ ಪೆನಾಲ್ಟಿ ಅದು. ಮರುವರ್ಷ ಓಲ್ಡಮ್ ವಿರುದ್ಧ 15-14ರಿಂದ ಸೋತರು. 1958ರಲ್ಲಿ ವರ್ಕಿಂಗ್ಟನ್ ಟೌನ್ ಮೇಲೆ 20-3, ಮತ್ತೆ ಚಾಂಪಿಯನ್. ಒಂದು ಅಂಕದಿಂದ ಗೆಲ್ಲೋದು, ಒಂದು ಅಂಕದಿಂದ ಸೋಲೋದು ಅದೃಷ್ಟ ಇರಬಹುದು. ಮೂರು ವರ್ಷ ಸತತವಾಗಿ ಫೈನಲ್ ತಲುಪೋದು ಅದೃಷ್ಟ ಅಲ್ಲ, ಪದ್ಧತಿ. 1959 ಮತ್ತು 1960ರಲ್ಲಿ ವೆಂಬ್ಲಿಯ ಚಾಲೆಂಜ್ ಕಪ್ ಫೈನಲ್‌ಗೂ ಹೋದರು. ಎರಡೂ ಸಲ ಹೀನಾಯವಾಗಿ ಸೋತರು, ವಿಗನ್ ವಿರುದ್ಧ 30-13, ವೇಕ್‌ಫೀಲ್ಡ್ ವಿರುದ್ಧ 38-5. ಆ ವೇಕ್‌ಫೀಲ್ಡ್ ಹೆಸರು ನೆನಪಿಟ್ಟುಕೊಳ್ಳಿ.

1961ರ ಡಿಸೆಂಬರ್‌ನಲ್ಲಿ ಸೈನ್ಯದಲ್ಲಿದ್ದ ಒಬ್ಬ ಹುಡುಗ ಹೆಸರು ಮುಚ್ಚಿಟ್ಟು ಹಲ್ ತಂಡದ ಪರೀಕ್ಷಾ ಪಂದ್ಯ ಆಡಿದ. ಕಾರ್ಡಿಫ್‌ನವನು, ಕಪ್ಪುವರ್ಣೀಯ. ಮೂರು ಟ್ರೈ ಹೊಡೆದ. ಅದೇ ಕ್ಲೈವ್ ಸಲಿವನ್. 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿ ವಿಶ್ವಕಪ್ ಗೆದ್ದರು. ಬ್ರಿಟನ್ನಿನ ರಾಷ್ಟ್ರೀಯ ತಂಡವೊಂದನ್ನು ಮುನ್ನಡೆಸಿದ ಮೊದಲ ಕಪ್ಪು ನಾಯಕ ಅನ್ನುವ ಗೌರವ ಅವರದ್ದು. ಹಲ್ ನಗರದ ಮುಖ್ಯ ರಸ್ತೆಗೆ ಇವತ್ತು ಅವರ ಹೆಸರಿದೆ. ಆ ಹುಡುಗ ಹಲ್‌ಗೆ ಬಂದಾಗ ಅಲ್ಲಿನ ಕೋಚ್ ಕುರ್ಚಿಯಲ್ಲಿ ಯಾರು ಕೂತಿದ್ದರು ಅನ್ನೋದನ್ನು ಮರೆತು ಈ ಚರಿತ್ರೆ ಬರೆಯೋಕೆ ಆಗಲ್ಲ.

1963ರಲ್ಲಿ ಫ್ರಾನ್ಸಿಸ್ ಲೀಡ್ಸ್ ಸೇರಿದರು. ಲೀಡ್ಸ್ ಅಂದರೆ ದುಡ್ಡಿರುವ, ಹೆಸರಿರುವ ಕ್ಲಬ್. ಅಲ್ಲಿ ಎಳೆಯ ಹುಡುಗರನ್ನು ಇಟ್ಟುಕೊಂಡು ಅವರು ಹೊಸ ತಂಡ ಕಟ್ಟಿದರು. ಅಷ್ಟರಲ್ಲಿ ಆಟದ ನಿಯಮವೇ ಬದಲಾಯಿತು. ಅಲ್ಲಿಯವರೆಗೆ ಒಂದು ತಂಡ ಚೆಂಡನ್ನು ಎಷ್ಟು ಹೊತ್ತಾದರೂ ತನ್ನಲ್ಲೇ ಇಟ್ಟುಕೊಂಡು ಎದುರಾಳಿಗೆ ಗುದ್ದುತ್ತಾ ಹೋಗಬಹುದಿತ್ತು. 1966ರಲ್ಲಿ ನಾಲ್ಕು ಸಲ ಹಿಡಿದು ಕೆಡವಿದರೆ ಸರದಿ ಬಿಡಬೇಕು ಅನ್ನುವ ನಿಯಮ ಬಂತು. ಬಲಕ್ಕಿಂತ ವೇಗಕ್ಕೆ, ತಾಳ್ಮೆಗಿಂತ ಯೋಚನೆಗೆ ಬೆಲೆ ಬಂತು. ಬೇರೆ ಕೋಚ್‌ಗಳು ಹೊಸ ಆಟಕ್ಕೆ ಹೊಂದಿಕೊಳ್ಳುತ್ತಿರುವಾಗ, ಫ್ರಾನ್ಸಿಸ್ ವರ್ಷಗಳಿಂದ ಆ ಆಟಕ್ಕೇ ಹುಡುಗರನ್ನು ತಯಾರು ಮಾಡಿದ್ದರು. 1966-67 ಮತ್ತು 1967-68, ಎರಡೂ ಋತುವಿನಲ್ಲಿ ಲೀಡ್ಸ್ ಪಟ್ಟಿಯ ತುದಿಯಲ್ಲಿತ್ತು.

ಆಮೇಲೆ ಆ ಮಳೆಯ ಫೈನಲ್. ಎದುರಿಗೆ ಅದೇ ವೇಕ್‌ಫೀಲ್ಡ್. ಅಂದು ಲೀಡ್ಸ್‌ಗೆ ಗೋಲು ಒದ್ದು ಅಂಕ ತಂದವರು ಬೆವ್ ರಿಸ್ಮನ್. 1946ರಲ್ಲಿ ಫ್ರಾನ್ಸಿಸ್ ಅವರನ್ನು ಬಿಟ್ಟು ಹೊರಟ ಹಡಗಿನಲ್ಲಿ ನಾಯಕರಾಗಿದ್ದ ಗಸ್ ರಿಸ್ಮನ್ ಅವರ ಮಗ. ಡಾನ್ ಫಾಕ್ಸ್ ಒದೆತ ತಪ್ಪಿತು ನಿಜ. ಆದರೆ ಆ ಒದೆತ ತಪ್ಪಿದರೆ ಸಾಕು ಅನ್ನುವ ಜಾಗಕ್ಕೆ ಲೀಡ್ಸ್ ತಲುಪಿದ್ದು ಒಬ್ಬ ಮನುಷ್ಯನ ಐದು ವರ್ಷದ ಕೆಲಸದಿಂದ. ನಾವು ನೆನಪಿಟ್ಟುಕೊಂಡಿದ್ದು ತಪ್ಪಿದ ಒದೆತವನ್ನು.

ಕೊನೆಗೂ ಆಸ್ಟ್ರೇಲಿಯಾ

ಗೆದ್ದ ಮೇಲೆ ಅವರು ಹೋಗಿದ್ದು ಯಾವ ದೇಶ 1946ರಲ್ಲಿ ಅವರಿಗೆ ಆಗದೋ ಆ ದೇಶಕ್ಕೆ. ಸಿಡ್ನಿಯ ನಾರ್ತ್ ಸಿಡ್ನಿ ಕ್ಲಬ್ ಅವರನ್ನು ಕೋಚ್ ಆಗಿ ಕರೆಯಿತು. 1922ರ ನಂತರ ಪ್ರಶಸ್ತಿಯನ್ನೇ ಕಾಣದ ಕ್ಲಬ್ ಅದು. 1969 ಮತ್ತು 1970, ಎರಡು ಋತು ಅಲ್ಲಿದ್ದರು. ಅಲ್ಲಿ ಅವರೂ ಅವರ ಪತ್ನಿಯೂ ಎದುರಿಸಿದ್ದು ಬಣ್ಣದ ನಿಂದೆಯನ್ನು. ಬಿಳಿಯ ಆಸ್ಟ್ರೇಲಿಯಾ ನೀತಿ ಪೂರ್ತಿ ಕೊನೆಗೊಂಡಿದ್ದು 1973ರಲ್ಲಿ. ಕಾಗದದಲ್ಲಿ ಅದು ಸಡಿಲವಾಗುತ್ತಿದ್ದರೂ ಜನರ ಬಾಯಲ್ಲಿ ಸಡಿಲವಾಗಿರಲಿಲ್ಲ.

ಎಲ್ಲವನ್ನೂ ವರ್ಣಭೇದದ ಲೆಕ್ಕಕ್ಕೆ ಬರೆದರೆ ಅದು ಪ್ರಾಮಾಣಿಕ ಆಗಲ್ಲ. ತಂಡದ ದೊಡ್ಡ ತಾರೆ ಕೆನ್ ಇರ್ವಿನ್ ಜೊತೆ ಅವರಿಗೆ ಸರಿಹೋಗಲಿಲ್ಲ. ಇರ್ವಿನ್ 1971ರಲ್ಲಿ ಕ್ಲಬ್ಬನ್ನೇ ಬಿಟ್ಟು ಮ್ಯಾನ್ಲಿ ಸೇರಿದರು. ಯಾರ್ಕ್‌ಷೈರ್‌ನಲ್ಲಿ ಫಲಿಸಿದ ಪದ್ಧತಿಯನ್ನು ಅಲ್ಲಿ ನೆಡೋಕೆ ಎರಡು ವರ್ಷ ಸಾಕಾಗಲೂ ಇಲ್ಲ. ಆದರೆ ವಿಫಲರಾಗುವ ಸ್ವಾತಂತ್ರ್ಯವೂ ಎಲ್ಲರಿಗೂ ಒಂದೇ ಥರ ಸಿಗಲ್ಲ. ಬಿಳಿಯ ಕೋಚ್ ಸೋತರೆ ಆತನೊಬ್ಬ ಸೋತ. ಕಪ್ಪು ಕೋಚ್ ಸೋತರೆ, ಇವರ ಕೈಲಿ ಆಗಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

1970ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಗ್ರೇಟ್ ಬ್ರಿಟನ್ ತಂಡ ಆಸ್ಟ್ರೇಲಿಯಾ ಪ್ರವಾಸಕ್ಕೆ ಬಂದು ಆ್ಯಷಸ್ ಸರಣಿ ಗೆದ್ದಿತು. ಆ ತಂಡದ ಕೋಚ್ ಜಾನಿ ವೈಟ್ಲಿ. ಹಲ್‌ನಲ್ಲಿ ಫ್ರಾನ್ಸಿಸ್ ಕೈಕೆಳಗೆ ಆಡಿ ಬೆಳೆದವರು, ಒಳ್ಳೆಯ ಆಟಗಾರ, ಒಳ್ಳೆಯ ಕೋಚ್, ಅವರ ಅರ್ಹತೆಯ ಬಗ್ಗೆ ತಕರಾರಿಲ್ಲ. ಆ ಹೊತ್ತಿಗೆ ಫ್ರಾನ್ಸಿಸ್ ಇದ್ದದ್ದು ಅದೇ ಸಿಡ್ನಿಯಲ್ಲಿ. ಆಟಗಾರನಾಗಿ ಆ ಪ್ರವಾಸಕ್ಕೆ ಬರಲು ಬಿಡಲಿಲ್ಲ, ಕೋಚ್ ಆಗಿ ಕರೆಯಲೂ ಇಲ್ಲ. ಶಿಷ್ಯ ಗೆದ್ದ ಊರಿನಲ್ಲೇ ಗುರು ಇನ್ನೊಂದು ಕ್ಲಬ್ಬಿನ ಕಷ್ಟದ ಋತು ಮುಗಿಸುತ್ತಿದ್ದರು. ಕ್ಲಬ್ ಮಟ್ಟದಲ್ಲಿ ಗೆಲ್ಲಬಹುದಾದದ್ದನ್ನೆಲ್ಲ ಗೆದ್ದರೂ ಗ್ರೇಟ್ ಬ್ರಿಟನ್ ತಂಡದ ಕೋಚ್ ಕುರ್ಚಿ ಅವರಿಗೆ ಯಾವತ್ತೂ ಸಿಗಲಿಲ್ಲ.

ಅಲ್ಲಿಂದ ಮರಳಿ ಮತ್ತೆ ಹಲ್, ಮತ್ತೆ ಲೀಡ್ಸ್. 1975ರಲ್ಲಿ ಲೀಡ್ಸ್ ತಂಡ ಪ್ರೀಮಿಯರ್‌ಷಿಪ್ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ತಂಡವನ್ನು 26-11ರಿಂದ ಸೋಲಿಸಿತು. ಆಮೇಲೆ ಬ್ರ್ಯಾಡ್‌ಫರ್ಡ್ ನಾರ್ದರ್ನ್‌ನಲ್ಲಿ ಎರಡು ವರ್ಷ. 1989ರಲ್ಲಿ, ಎಪ್ಪತ್ತನೇ ವಯಸ್ಸಿಗೆ, ತೀರಿಕೊಂಡರು.

ಮರೆವು ಹೇಗೆ ಕೆಲಸ ಮಾಡುತ್ತೆ

ಮೊದಲಿನ ಪ್ರಶ್ನೆಗೆ ಬರ್ತೀನಿ. ಇಷ್ಟೆಲ್ಲ ಮಾಡಿದವರನ್ನು ಯಾಕೆ ಮರೆತರು?

ಒಂದು ಉತ್ತರ ಸುಲಭ: ಬಣ್ಣ. ಆದರೆ ಸಲಿವನ್, ಬಾಸ್ಟನ್ ಅವರನ್ನು ಜನ ಮರೆಯಲಿಲ್ಲ, ಹೊತ್ತು ಮೆರೆಸಿದರು. ಅವರು ಓಡಿದ್ದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಟ್ರೈ ಹೊಡೆದವನ ಹೆಸರು ಸ್ಕೋರ್ ಪಟ್ಟಿಯಲ್ಲಿ ಇರುತ್ತೆ. ಯೋಚನೆಗೆ ಸ್ಕೋರ್ ಪಟ್ಟಿ ಇಲ್ಲ. ಫಿಲ್ಮ್ ಹಾಕಿ ಆಟ ಕಲಿಸೋದು, ತೂಕ ಎತ್ತಿಸೋದು, ಆಟಗಾರನ ಮನಸ್ಸನ್ನು ಓದೋದು, ಇವೆಲ್ಲ ಒಂದು ಸಲ ಎಲ್ಲರೂ ಮಾಡತೊಡಗಿದ ಮೇಲೆ ‘ಸಾಮಾನ್ಯ ಜ್ಞಾನ’ ಆಗಿಬಿಡುತ್ತೆ. ಸಾಮಾನ್ಯ ಜ್ಞಾನಕ್ಕೆ ವಾರಸುದಾರರು ಇರಲ್ಲ. ಅಥವಾ ಅದನ್ನು ಆಮೇಲೆ ಮಾಡಿದ, ಹೆಚ್ಚು ಹೆಸರಿದ್ದ ಯಾರೋ ವಾರಸುದಾರರಾಗ್ತಾರೆ. ಹಿಂದುಳಿಸಲ್ಪಟ್ಟವರ ಬೆವರನ್ನು ಸಮಾಜ ಹೊಗಳುತ್ತೆ, ಬುದ್ಧಿಯನ್ನು ಸಹಿ ಇಲ್ಲದೆ ಬಳಸಿಕೊಳ್ಳುತ್ತೆ.

ಅದಕ್ಕೇ ನನಗೆ ‘ಅವಕಾಶ ಕೊಟ್ಟಿದ್ದೀವಲ್ಲ’ ಅನ್ನುವ ಮಾತಿನ ಮೇಲೆ ಅನುಮಾನ. ಯಾವ ಅವಕಾಶ, ಎಲ್ಲಿಯವರೆಗೆ ಅಂತ ಕೇಳಬೇಕು. ಓಡುವವರಲ್ಲಿ ಎಷ್ಟು ಜನ ಅಂತ ಎಣಿಸಿದರೆ ಸಾಲದು. ಆರಿಸುವ ಸಮಿತಿಯಲ್ಲಿ, ಯೋಜನೆ ಹಾಕುವ ಕೋಣೆಯಲ್ಲಿ, ಸೋತರೂ ಇನ್ನೊಂದು ಅವಕಾಶ ಸಿಗುವ ಕುರ್ಚಿಯಲ್ಲಿ ಎಷ್ಟು ಜನ ಅಂತ ಎಣಿಸಬೇಕು. ಈ ಕಥೆಯಲ್ಲಿ ‘ಬಣ್ಣ’ ಅಂತ ಇರುವ ಕಡೆ ನಮ್ಮಲ್ಲಿ ಯಾವ ಪದ ಹಾಕಿ ಓದಬೇಕು ಅನ್ನೋದನ್ನು ನಾನು ಹೇಳಬೇಕಿಲ್ಲ.

2023ರ ಅಕ್ಟೋಬರ್‌ನಲ್ಲಿ ಬ್ರಿನ್‌ಮಾರ್‌ನಲ್ಲಿ ಫ್ರಾನ್ಸಿಸ್ ಅವರ ಪ್ರತಿಮೆ ನಿಲ್ಲಿಸಿದರು. ತೀರಿಕೊಂಡು ಮೂವತ್ತನಾಲ್ಕು ವರ್ಷಗಳ ಮೇಲೆ, ಆ ಊರು ಬಿಟ್ಟು ಉತ್ತರಕ್ಕೆ ಹೊರಟು ಎಂಬತ್ತೇಳು ವರ್ಷಗಳ ಮೇಲೆ. ತಡವಾಗಿದೆ, ಆದರೂ ಆಯಿತಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಆದರೆ ನನಗೆ ಅವರ ನಿಜವಾದ ಸ್ಮಾರಕ ಕಾಣೋದು ಬೇರೆ ಕಡೆ. ಇವತ್ತು ಯಾವುದೇ ಊರಿನ ತಂಡವೊಂದು ಪಂದ್ಯ ಸೋತ ಮರುದಿನ ಒಂದು ಕೋಣೆಯಲ್ಲಿ ಕೂರುತ್ತೆ. ಗೋಡೆಯ ಮೇಲೆ ನಿನ್ನೆಯ ಆಟ ಓಡ್ತಿರುತ್ತೆ. ಕೋಚ್ ಅದನ್ನು ನಿಲ್ಲಿಸಿ, ಇಲ್ಲಿ ನೋಡು, ಇಲ್ಲಿ ನೀನು ಒಂದು ಹೆಜ್ಜೆ ಒಳಗಿರಬೇಕಿತ್ತು ಅಂತಾರೆ. ಆ ಕೋಣೆಯಲ್ಲಿ ಯಾರಿಗೂ ರಾಯ್ ಫ್ರಾನ್ಸಿಸ್ ಹೆಸರು ಗೊತ್ತಿರಲ್ಲ. ಮುಂದಿನ ಸಲ ನಿಮ್ಮ ಕಣ್ಣಿಗೆ ಅಂಥದ್ದೊಂದು ಕೋಣೆ ಬಿದ್ದರೆ, ಗೋಡೆಯ ಮೇಲಿನ ಆಟ ನೋಡೋದರ ಜೊತೆಗೆ, ರಿಮೋಟ್ ಯಾರ ಕೈಯಲ್ಲಿದೆ ಅಂತಲೂ ಒಮ್ಮೆ ನೋಡಿ.